ದಾರಿ ಹೇಳುವ ಪೆಟ್ಟಿಗೆಯ ಪೂರ್ವೋತ್ತರ

ಬಂಗಾರಪೇಟೆಯ ರೈಲ್ವೆ ನಿಲ್ದಾಣದ ಹೊರಗೆ ನಿಲ್ಲುವ ಬಾಡಿಗೆ ಕಾರುಗಳ ಮುಂಗಾಜನ್ನು ನೀವು ಹದಿನೈದು ವರ್ಷಗಳ ಹಿಂದೆ ಹತ್ತಿರದಿಂದ ನೋಡಿದ್ದರೆ, ಒಳಮೈಯಲ್ಲಿ ಲೋಟದ ತಳ ಒತ್ತಿದಂತಹ ಒಂದು ದುಂಡು ಮಚ್ಚೆ ನಿಮ್ಮ ಕಣ್ಣಿಗೆ ಬಿದ್ದಿರುತ್ತಿತ್ತು. ದಾರಿ ಹೇಳುವ ಪೆಟ್ಟಿಗೆಯನ್ನು ಗಾಜಿಗೆ ಅಂಟಿಸುವ ರಬ್ಬರು ಬಟ್ಟಲಿನ ಗುರುತು ಅದು. ಕಾರಿನ ಯಜಮಾನನಿಗೆ ಅದೊಂದು ಮಚ್ಚೆ. ಕಳ್ಳನಿಗೆ ಅದು ಬೋರ್ಡು. ಪೆಟ್ಟಿಗೆ ಒಳಗಡೆ ಎಲ್ಲೋ ಇದೆ ಎಂದು ಬರೆದು ತಗುಲಿಸಿದ ಬೋರ್ಡು.

ಇದನ್ನು ನಾನು ತಿಳಿದದ್ದು ನನ್ನ ಹಳೆಯ ಶಿಷ್ಯನೊಬ್ಬನಿಂದ. ಅವನ ತಂದೆ ಚಾಂಪಿಯನ್ ರೀಫಿನ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಮೇಲೆ ನಮ್ಮೂರಿನ ಎಷ್ಟೋ ಹುಡುಗರು ಬೆಳಗಿನ ರೈಲು ಹತ್ತಿ ಬೆಂಗಳೂರಿನ ದಾರಿ ಹಿಡಿದರು; ಇವನು ಸ್ಟೀಯರಿಂಗ್ ಹಿಡಿದ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಬಳಿಕ ಅಲ್ಲಿಗೆ ಸವಾರಿ ಸಿಗಲಾರಂಭಿಸಿತು. ಬೆಂಗಳೂರಿನ ಬೀದಿಗಳಲ್ಲಿ ದಾರಿ ತಪ್ಪಿ ವಿಮಾನ ತಪ್ಪಿಸಬಾರದೆಂದು ಕಂತಿನ ಮೇಲೆ ಒಂದು ನ್ಯಾವಿಗೇಟರ್ ಪೆಟ್ಟಿಗೆ ಕೊಂಡ. ಒಂದು ರಾತ್ರಿ ಮದುವೆಯ ಮನೆಯೊಂದರ ಮುಂದೆ ಕಾರು ನಿಲ್ಲಿಸಿ ಊಟಕ್ಕೆ ಹೋದ. ಬರುವಷ್ಟರಲ್ಲಿ ಪಕ್ಕದ ಗಾಜು ಪುಡಿ, ಪೆಟ್ಟಿಗೆ ಮಾಯ. ಗಾಜಿನ ಖರ್ಚು ಬೇರೆ, ಕೈತಪ್ಪಿದ ಸವಾರಿಗಳು ಬೇರೆ, ಕಳೆದುಹೋದ ಪೆಟ್ಟಿಗೆಗೆ ಕಟ್ಟುತ್ತಲೇ ಇರಬೇಕಾದ ಕಂತು ಬೇರೆ.

ಮರುದಿನ ಮನೆಗೆ ಬಂದು ಅವನು ನನ್ನಲ್ಲಿ ಎರಡು ಪ್ರಶ್ನೆ ಕೇಳಿದ. "ಸಾರ್, ನಾನು ಅದನ್ನು ಬಿಚ್ಚಿ ಡ್ಯಾಷ್‌ಬೋರ್ಡಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿದ್ದೆ. ಅವನಿಗೆ ಹೇಗೆ ಗೊತ್ತಾಯಿತು?" ಇದಕ್ಕೆ ಉತ್ತರ ಆಗಲೇ ಹೇಳಿದೆ, ಆ ದುಂಡು ಮಚ್ಚೆ. ಎರಡನೆಯ ಪ್ರಶ್ನೆ ಮಾತ್ರ ನನ್ನನ್ನು ಕೆಲವು ತಿಂಗಳು ಕಾಡಿತು. "ಸಾರ್, ಆ ಪೆಟ್ಟಿಗೆ ಎಲ್ಲಿದ್ದರೂ ಮೇಲಿನ ಉಪಗ್ರಹಕ್ಕೆ ಗೊತ್ತಿರುತ್ತದಲ್ಲ? ಉಪಗ್ರಹದವರನ್ನು ಕೇಳಿದರೆ ಹೇಳುವುದಿಲ್ಲವೇ?"

ಇದು ಕನ್ನಡ ಪಂಡಿತನ ಕೆಲಸವಲ್ಲ, ವಿಜ್ಞಾನದ ಮೇಷ್ಟ್ರನ್ನು ಕೇಳಪ್ಪ ಎಂದು ಕೈತೊಳೆದುಕೊಳ್ಳಬಹುದಾಗಿತ್ತು. ಆದರೆ ದಾರಿ ಹುಡುಕುವ ಉಪಕರಣಕ್ಕೂ ನಮ್ಮ ಊರಿಗಾಂಗೂ ಇರುವ ನಂಟು ಇಂದಿನದಲ್ಲ. ಆ ನಂಟಿನ ಬಾಲ ಹಿಡಿದು ಹೋದರೆ ಶಿಷ್ಯನ ಪ್ರಶ್ನೆಗೂ ಉತ್ತರ ಸಿಕ್ಕೀತೆಂದು ಹೊರಟೆ. ವಾಚಕರು ನನ್ನೊಡನೆ ಸ್ವಲ್ಪ ದೂರ ಬರಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಮೈಸೂರು ಸೀಮೆಯ ಗಡಿ ಯಾವುದು, ಕಂಪನಿಯ ನೆಲ ಯಾವುದು ಎಂದು ಗುರುತಿಸಬೇಕಾಯಿತು. ಮೂಡಣ ಗಡಿಯನ್ನು ಅಳೆಯಲು ಬಂದವನು ಲೆಫ್ಟಿನೆಂಟ್ ಜಾನ್ ವಾರೆನ್, 33ನೆಯ ಕಾಲ್ದಳದ ಅಧಿಕಾರಿ. ಹೆಸರು ಇಂಗ್ಲಿಷಿನದಾದರೂ ಹುಟ್ಟಿನಿಂದ ಫ್ರೆಂಚನು. 1802ರಲ್ಲಿ ನಮ್ಮ ಕಡೆಯ ಗುಡ್ಡಗಳಲ್ಲಿ ಅಳತೆ ಮಾಡುತ್ತಿದ್ದಾಗ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಅವನ ಕಿವಿಗೆ ಬಿತ್ತು. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಹೇಳಿದ. ಕೆಲವೇ ದಿನಗಳಲ್ಲಿ ಹಳ್ಳಿಯವರು ಗಾಡಿಯಲ್ಲಿ ಮಣ್ಣು ತುಂಬಿ ತಂದು ಅವನೆದುರಿಗೇ ತೊಳೆದು, ತಳದಲ್ಲಿ ಉಳಿದ ಚಿನ್ನದ ಕಣಗಳನ್ನು ತೋರಿಸಿದರು. ಆ ವರದಿಯನ್ನು ಎಷ್ಟೋ ಕಾಲದ ನಂತರ ಓದಿದ ಲವೆಲ್ ಎಂಬ ಮಾಜಿ ಸಿಪಾಯಿ 1873ರಲ್ಲಿ ಮೈಸೂರು ಸರ್ಕಾರವನ್ನು ಗಣಿ ತೋಡುವ ಹಕ್ಕು ಕೇಳಿದ; 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು; ಉಳಿದ ಕಥೆ ನಿಮಗೆ ಗೊತ್ತು.

ಗಮನಿಸಬೇಕಾದ್ದು ಇಷ್ಟು. ವಾರೆನ್ ಇಲ್ಲಿಗೆ ಚಿನ್ನ ಹುಡುಕಿಕೊಂಡು ಬಂದವನಲ್ಲ. "ನಾನು ಭೂಮಿಯ ಮೇಲೆ ಎಲ್ಲಿದ್ದೇನೆ?" ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದವನು. ಇಂದು ಕಾರಿನಲ್ಲಿ ಕೂತ ಪೆಟ್ಟಿಗೆ ಕ್ಷಣಕ್ಷಣವೂ ಕೇಳಿಕೊಳ್ಳುವುದು ಅದೇ ಪ್ರಶ್ನೆಯನ್ನು. ಮುಂದೆ ಅವನು ಮದರಾಸಿನ ಖಗೋಲ ವೀಕ್ಷಣಾಲಯವನ್ನು ನೋಡಿಕೊಂಡ. ನಮ್ಮ ಪಂಚಾಂಗಗಳ ಲೆಕ್ಕವನ್ನೆಲ್ಲ ಕಲಿತು 'ಕಾಲ ಸಂಕಲಿತ' ಎಂಬ ದೊಡ್ಡ ಗ್ರಂಥವನ್ನು 1825ರಲ್ಲಿ ಅಚ್ಚು ಹಾಕಿಸಿದ. ಜಾಗವನ್ನು ಅಳೆಯಹೊರಟವನು ಕಾಲವನ್ನು ಅಳೆಯುವುದಕ್ಕೆ ಬಂದು ಮುಟ್ಟಿದ. ಇದು ಆಕಸ್ಮಿಕವಲ್ಲ, ಕಾರಣವನ್ನು ಮುಂದೆ ನೋಡುವಿರಿ.

ಅದೇ 33ನೆಯ ದಳದ ಇನ್ನೊಬ್ಬ ಅಧಿಕಾರಿ ವಿಲಿಯಂ ಲ್ಯಾಂಬ್ಟನ್, ಅದೇ 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಮಹಾ ತ್ರಿಕೋನಮಿತಿಯ ಭೂಮಾಪನವನ್ನು ಆರಂಭಿಸಿದ. ಅದಕ್ಕಾಗಿ ಲಂಡನ್ನಿನ ಕ್ಯಾರಿ ಎಂಬ ಕುಶಲಿಯಿಂದ ಅರ್ಧ ಟನ್ ತೂಗುವ ಥಿಯೊಡೊಲೈಟ್ ಯಂತ್ರವನ್ನು ತರಿಸಿದ್ದ. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನೇ ಹಿಡಿದು, ಯಂತ್ರವನ್ನು ಮಾರಿಷಸ್ ದ್ವೀಪಕ್ಕೆ ಒಯ್ದರು. ಯುದ್ಧದ ಕಾಲ, ಕೊಳ್ಳೆ ಕೊಳ್ಳೆಯೇ. ಆದರೆ ಪೆಟ್ಟಿಗೆ ತೆರೆದು ಇದು ವಿದ್ಯೆಯ ಉಪಕರಣವೆಂದು ಕಂಡ ಫ್ರೆಂಚ್ ಅಧಿಕಾರಿಗಳು ಅದನ್ನು ಮರ್ಯಾದೆಯ ಪತ್ರದೊಂದಿಗೆ ಮದರಾಸಿಗೆ ಹಿಂದಿರುಗಿಸಿದರು! ದಾರಿ ತೋರುವ ಯಂತ್ರ ಕಳುವಾದ ಕಥೆಗಳಲ್ಲಿ ನನಗೆ ತಿಳಿದಂತೆ ಇಷ್ಟು ಸುಖಾಂತವಾದದ್ದು ಇನ್ನೊಂದಿಲ್ಲ. ನನ್ನ ಶಿಷ್ಯನ ಕಳ್ಳನಿಗೆ ಅಂತಹ ಬುದ್ಧಿ ಬರಲಿಲ್ಲ.

ಈಗ ಮೋಟಾರಿನ ಕಾಲಕ್ಕೆ ಬರೋಣ. ಕಾರು ತಯಾರಿಸುವವರು ಹಾಕಿಕೊಡದ, ಕೊಂಡವನು ಆಮೇಲೆ ತಾನೇ ತಂದು ಕೂರಿಸಿಕೊಳ್ಳುವ ದಾರಿತೋರುಕವು ಮೋಟಾರಿನಷ್ಟೇ ಹಳೆಯದೆಂದರೆ ಹೆಚ್ಚು ತಪ್ಪಾಗದು. 1909ರಲ್ಲಿ ಅಮೆರಿಕದ ಜೋನ್ಸ್ ಎಂಬಾತ 'ಲೈವ್ ಮ್ಯಾಪ್' ಎಂಬ ಸಾಧನ ಮಾರಿದ. ಗ್ರಾಮಫೋನು ತಟ್ಟೆಯಂತಹ ಒಂದು ಕಾಗದದ ತಟ್ಟೆ. ಅದರ ಅಂಚಿಗೆ ದಾರಿಯ ವಿವರ ಅಚ್ಚಾಗಿರುತ್ತದೆ. ಚಕ್ರಕ್ಕೆ ಜೋಡಿಸಿದ ತಂತಿ ಕಾರು ಮುಂದೆ ಹೋದಂತೆಲ್ಲ ತಟ್ಟೆಯನ್ನು ತಿರುಗಿಸುತ್ತದೆ. ಮುಳ್ಳಿನ ಎದುರಿಗೆ ಬಂದ ಬರಹ ಓದಿಕೊಂಡು ತಿರುಗಬೇಕು. ಒಂದು ತಟ್ಟೆಗೆ ನೂರು ಮೈಲಿ. ಮುಗಿದರೆ ಗಾಡಿ ನಿಲ್ಲಿಸಿ ಬೇರೆ ತಟ್ಟೆ. ನಡುವೆ ಕಾಫಿಗೆಂದು ಒಂದು ಓಣಿಗೆ ತಿರುಗಿದಿರೋ, ಕೆಟ್ಟಿತು. ತಟ್ಟೆಗೆ ನೀವು ದಾರಿ ಬಿಟ್ಟದ್ದೇ ಗೊತ್ತಾಗುವುದಿಲ್ಲ. 1930ರ ದಶಕದ ಇಟಲಿಯಲ್ಲಿ ಭೂಪಟದ ಸುರುಳಿಯನ್ನು ವೇಗಮಾಪಕದ ತಂತಿಗೆ ಕಟ್ಟಿ ಬಿಚ್ಚುತ್ತ ಹೋಗುವ ಸಾಧನ ಬಂತು. ಅದಕ್ಕೂ ಇದೇ ಕುರುಡು.

ಆ ಕುರುಡು ಕಳೆದದ್ದು 1980ರ ದಶಕದಲ್ಲಿ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ಕಾರು ಎತ್ತ ತಿರುಗಿತೆಂದು ತಿಳಿಯುವ ಗೈರೋ ಅಳವಡಿಸಿ, ಪಾರದರ್ಶಕ ಭೂಪಟದ ಹಾಳೆಯ ಹಿಂದೆ ಬೆಳಕಿನ ಚುಕ್ಕಿ ಓಡಿಸಿತು. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 'ಇಟ್ಯಾಕ್' ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂತು. ನಾವು ಹಾಡು ಕೇಳುತ್ತಿದ್ದಂತಹ ಟೇಪಿನ ಕ್ಯಾಸೆಟ್ಟಿನಲ್ಲೇ ಅದರ ಭೂಪಟ; ದೊಡ್ಡ ಊರೊಂದಕ್ಕೆ ಹಲವು ಕ್ಯಾಸೆಟ್ಟು. ಚಕ್ರಗಳಿಗೆ ಹಚ್ಚಿದ ಸಾಧನ ಎಷ್ಟು ದೂರ ಬಂದಿರೆಂದು ಹೇಳುತ್ತದೆ, ದಿಕ್ಸೂಚಿ ಎತ್ತ ಎಂದು ಹೇಳುತ್ತದೆ, ಎರಡನ್ನೂ ಕೂಡಿಸಿ ಕ್ಯಾಸೆಟ್ಟಿನ ರಸ್ತೆಗಳ ಜೊತೆ ಪೆಟ್ಟಿಗೆ ತಾಳೆ ನೋಡುತ್ತದೆ. ಆಕಾಶದ ಹಂಗೇ ಇಲ್ಲ. ಅದರ ಹೆಸರಿನಲ್ಲೂ ಒಂದು ಸ್ವಾರಸ್ಯವಿದೆ. ಶಾಂತ ಸಾಗರದ ದ್ವೀಪವಾಸಿ ನಾವಿಕರು ತಮ್ಮ ದೋಣಿ ನಿಂತಲ್ಲೇ ನಿಂತಿದೆ, ದ್ವೀಪಗಳೇ ಹಿಂದಕ್ಕೆ ಸರಿಯುತ್ತಿವೆ ಎಂದು ಭಾವಿಸಿ ಲೆಕ್ಕ ಹಾಕುವ ಕ್ರಮಕ್ಕೆ ಇಟ್ಯಾಕ್ ಎಂದು ಹೆಸರು. ಮಾರಿಕುಪ್ಪಂ ರೈಲಿನ ಕಿಟಕಿಯಲ್ಲಿ ಕೂತ ಮಗು "ಅಮ್ಮ, ಮರ ಓಡುತ್ತಿದೆ" ಎನ್ನುವುದಿಲ್ಲವೇ, ಅದೇ ತತ್ತ್ವ. ಇಂದಿಗೂ ಪರದೆಯ ಮೇಲೆ ನಿಮ್ಮ ಕಾರಿನ ಗುರುತು ನಡುವೆಯೇ ನಿಂತಿರುತ್ತದೆ, ಓಡುವುದು ರಸ್ತೆ.

ಇಟ್ಯಾಕ್ ಪೆಟ್ಟಿಗೆಯ ವಿದ್ಯೆಯನ್ನೇ ಪಡೆದು ಜರ್ಮನಿಯ ಬಾಷ್ ಕಂಪನಿ 1989ರಲ್ಲಿ ತನ್ನ ಬ್ಲಾಪುಂಕ್ಟ್ ಗುರುತಿನ ದಾರಿತೋರುಕವನ್ನು ಹೊರತಂದಿತು. 1932ರಲ್ಲಿ ಯುರೋಪಿಗೆ ಮೊದಲ ಕಾರ್ ರೇಡಿಯೋ ಕೊಟ್ಟ ಹೆಸರೂ ಬ್ಲಾಪುಂಕ್ಟೇ. ರೇಡಿಯೋ ಕೂರುತ್ತಿದ್ದ ಖಾನೆಗೇ ದಾರಿತೋರುಕ ಬಂದು ಕೂತಿತು. 1990ರಲ್ಲಿ ಜಪಾನಿನ ಪಯೋನಿಯರ್ ಉಪಗ್ರಹ ನೋಡಿ ದಾರಿ ಹೇಳುವ ಪೆಟ್ಟಿಗೆಯನ್ನು ಅಂಗಡಿಗೆ ತಂದಿತು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳ ಪೈಕಿ ಮೊದಲನೆಯದು 1978ರಲ್ಲೇ ಮೇಲೇರಿದ್ದರೂ, ಸಾಮಾನ್ಯರ ಪಾಲಿಗೆ ಬೇಕೆಂದೇ ತಪ್ಪು ಬೆರೆಸಿ ಕಳಿಸುತ್ತಿದ್ದರು. ನೂರು ಮೀಟರಿನಷ್ಟು ಆಚೀಚೆ. ಮದುವೆಯ ಮನೆಗೆ ಹೊರಟವನು ಹಿಂದಿನ ಬೀದಿಯ ತಿಥಿಯ ಮನೆಗೆ ಹೋಗಿ ಕೂರಲು ನೂರು ಮೀಟರು ಸಾಕು. 2000ದ ಮೇ ಮೊದಲ ದಿನದ ರಾತ್ರಿ ಆ ಬೆರಕೆಯನ್ನು ನಿಲ್ಲಿಸಿದರು. ಅಲ್ಲಿಂದ ಮುಂದೆ ಅಂಗೈಯಗಲದ ಪೆಟ್ಟಿಗೆಗಳ ಸುಗ್ಗಿ. ಟಾಮ್‌ಟಾಮ್, ಗಾರ್ಮಿನ್, ನಮ್ಮಲ್ಲೇ ಮ್ಯಾಪ್‌ಮೈಇಂಡಿಯಾ. ಸುಗ್ಗಿಯ ಹಿಂದೆಯೇ ಕಳ್ಳರು ಬಂದರು.

ಈಗ ಶಿಷ್ಯನ ಎರಡನೆಯ ಪ್ರಶ್ನೆ. ರೇಡಿಯೋ ಇರುವ ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆಕಾಶವಾಣಿಯಲ್ಲಿ ಸಮಾಚಾರಕ್ಕೆ ಮುಂಚೆ ಕೇಳಿಬರುತ್ತಿದ್ದ "ಪೀಂ, ಪೀಂ" ಕಾಲಸೂಚನೆ ನಿಮ್ಮ ನೆನಪಿನಲ್ಲಿರಬೇಕು. ಮನೆಯ ಗಡಿಯಾರವನ್ನು ಅದಕ್ಕೆ ಸರಿಮಾಡಿಕೊಳ್ಳುತ್ತಿದ್ದೆವು. ದಾರಿಯ ಉಪಗ್ರಹವು ಮಾಡುವುದು ಅಷ್ಟೇ ಕೆಲಸ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ನಿಂತು, "ನಾನು ಇಂಥ ಜಾಗದಲ್ಲಿದ್ದೇನೆ, ಈಗ ಗಂಟೆ ಇಷ್ಟು" ಎಂದು ಎಡೆಬಿಡದೆ ಬಿತ್ತರಿಸುತ್ತಿರುತ್ತದೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಅಲ್ಲಿಂದ ನಮ್ಮ ನೆತ್ತಿಗೆ ಬರಲು ಸೆಕೆಂಡಿನ ಹದಿನೈದನೆಯ ಒಂದು ಪಾಲು ಹಿಡಿಯುತ್ತದೆ. ಎಷ್ಟು ತಡವಾಯಿತೆಂದು ತಿಳಿದರೆ ಎಷ್ಟು ದೂರವೆಂದು ತಿಳಿಯಿತು. ಮೂರು ಉಪಗ್ರಹಗಳ ದೂರ ಸಿಕ್ಕರೆ ಜಾಗ ಸಿಗುತ್ತದೆ. ಪೆಟ್ಟಿಗೆಯ ಸ್ವಂತ ಗಡಿಯಾರ ಅಗ್ಗದ್ದಾದ್ದರಿಂದ ಅದರ ತಪ್ಪು ತಿದ್ದಲು ನಾಲ್ಕನೆಯದು ಬೇಕು. ಸೆಕೆಂಡಿನ ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕದಲ್ಲಿ 3 ಕಿಲೋಮೀಟರು ತಪ್ಪುತ್ತದೆ. ಜಾಗ ಅಳೆಯಹೊರಟ ವಾರೆನ್ ಸಾಹೇಬನು ಕಾಲದ ಅಳತೆಗೆ ಬಂದು ನಿಂತನೆಂದು ಹೇಳಿದೆನಲ್ಲ, ಗುಟ್ಟು ಇಲ್ಲಿದೆ.

ನಮ್ಮ ದೇಶದ್ದೇ ಆದ 'ನಾವಿಕ್' ವ್ಯವಸ್ಥೆಯೂ ಹೀಗೆಯೇ. ಅದರ ಮೊದಲ ಉಪಗ್ರಹ 2013ರ ಜುಲೈ 1ರಂದು, ಏಳನೆಯದು 2016ರ ಏಪ್ರಿಲ್ 28ರಂದು ಮೇಲೆ ಹೋದವು. ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ ಅದಕ್ಕಾಗಿ ಇಸ್ರೋ ಸಂಸ್ಥೆಯ ಕೇಂದ್ರವಿದೆ.

ಆದ್ದರಿಂದ ಉತ್ತರವೇನು? ಉಪಗ್ರಹವು ಒಂದು ಆಕಾಶವಾಣಿ ನಿಲಯ. ಕಾರಿನ ಪೆಟ್ಟಿಗೆ ಒಂದು ರೇಡಿಯೋ. ನಿಮ್ಮ ಮನೆಯಲ್ಲಿ ಈಗ ರೇಡಿಯೋ ಹಚ್ಚಿದ್ದೀರೋ ಆರಿಸಿದ್ದೀರೋ ಬೆಂಗಳೂರು ನಿಲಯದವರಿಗೆ ಹೇಗೆ ಗೊತ್ತಾಗದೋ, ಪೆಟ್ಟಿಗೆ ಯಾರ ಕೈಯಲ್ಲಿದೆ ಎಂಬುದು ಉಪಗ್ರಹಕ್ಕೂ ಗೊತ್ತಾಗದು. ಅದು ಹೇಳುತ್ತದೆ, ಕೇಳುವುದಿಲ್ಲ. ಪೆಟ್ಟಿಗೆ ಮಾತ್ರ ತಾನೆಲ್ಲಿದ್ದೇನೆಂದು ತಿಳಿದುಕೊಂಡು, ಕಳ್ಳನಿಗೇ ನಿಷ್ಠೆಯಿಂದ ದಾರಿ ಹೇಳುತ್ತದೆ! ಕದ್ದ ಪೆಟ್ಟಿಗೆ ತನ್ನ ಜಾಗವನ್ನು ಯಜಮಾನನಿಗೆ ತಿಳಿಸಬೇಕಾದರೆ ಅದಕ್ಕೆ ಮರುನುಡಿಯುವ ಬಾಯಿ ಬೇಕು, ಎಂದರೆ ಒಳಗೊಂದು ಮೊಬೈಲು ಸಿಮ್ ಇರಬೇಕು. ಆ ಕಾಲದ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಅದು ಇರಲಿಲ್ಲ. ಇದನ್ನು ಕೇಳಿ ನನ್ನ ಶಿಷ್ಯನ ಮುಖ ಸಪ್ಪಗಾಯಿತು. ಜಗತ್ತಿನ ಜಾಗವೆಲ್ಲ ಬಲ್ಲ ವಸ್ತು ತಾನು ಕಳೆದುಹೋದಾಗ ಹೇಳಲಾರದೆಂದರೆ ಯಾರಿಗೆ ಬೇಸರವಾಗದು?

ಹಾಗಾದರೆ ಕಾಯುವುದು ಹೇಗೆ? ಇದರಲ್ಲಿ ಪೆಟ್ಟಿಗೆಗಿಂತ ಅದರ ಅಣ್ಣನಾದ ಕಾರ್ ರೇಡಿಯೋವಿನ ಅನುಭವ ದೊಡ್ಡದು. 1930ರಲ್ಲಿ ಷಿಕಾಗೋದ ಗ್ಯಾಲ್ವಿನ್ ಸಹೋದರರು ಮೋಟೊರೋಲ ಎಂಬ ಹೆಸರಿನಲ್ಲಿ ಕಾರಿಗೆ ಕೂರಿಸುವ ರೇಡಿಯೋ ಮಾರತೊಡಗಿದಾಗ ಅದು ವಾಲ್ವುಗಳ ಭಾರೀ ಸರಂಜಾಮು. ಕೂರಿಸುವುದಕ್ಕೇ ಗಂಟೆಗಟ್ಟಲೆ ಬೇಕು, ಕೀಳುವುದಕ್ಕೂ ಅಷ್ಟೇ. ಕಳ್ಳನಿಗೆ ಅಷ್ಟು ವ್ಯವಧಾನವೆಲ್ಲಿ? ಟ್ರಾನ್ಸಿಸ್ಟರು ಬಂದು ಅದು ಹಗುರವಾಯಿತು. ಆಮೇಲೆ ಎಲ್ಲ ಕಾರುಗಳಿಗೂ ಒಂದೇ ಅಳತೆಯ ಖಾನೆ ಇರಲೆಂದು ಜರ್ಮನರು ಪ್ರಮಾಣ ಗೊತ್ತುಮಾಡಿದರು: ಅಗಲ 180 ಮಿಲಿಮೀಟರು, ಎತ್ತರ 50. ಯಾರು ಬೇಕಾದರೂ ಯಾವ ಸೆಟ್ಟನ್ನಾದರೂ ಕೊಂಡು ಎರಡು ಕಬ್ಬಿಣದ ಕಡ್ಡಿಯ ನೆರವಿನಿಂದ ಕೂರಿಸಬಹುದು, ತೆಗೆಯಬಹುದು. ಕೊಳ್ಳುವವನಿಗೆ ಎಂತಹ ಅನುಕೂಲ! ಕದಿಯುವವನಿಗೂ ಅದೇ ಅನುಕೂಲ. ಒಂದು ಕಾರಿನಿಂದ ಎಳೆದದ್ದು ಬೇರೆ ಯಾವ ಕಾರಿಗಾದರೂ ಸರಿಹೋಗುತ್ತದೆ. ಮುಂದೆ ಇದರ ಇಮ್ಮಡಿ ಎತ್ತರದ ಖಾನೆ ಬಂದು ಅದರಲ್ಲಿ ದಾರಿತೋರುಕದ ಪರದೆ ಕೂತಾಗಲೂ ಈ ನ್ಯಾಯವೇ ನಡೆಯಿತು.

1980ರ ದಶಕದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ನಗು ತರಿಸುವಂಥದ್ದು. ಹಿಡಿಯಿರುವ ಸೆಟ್ಟು ಮಾಡಿದರು. ಇಳಿಯುವಾಗ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು. ಹೋಟೆಲಿನ ಮೇಜಿನ ಮೇಲೆ ಮಸಾಲೆದೋಸೆಯ ಪಕ್ಕದಲ್ಲಿ ಕಾರಿನ ಟೇಪ್‌ರೆಕಾರ್ಡರು ಕೂತಿರುವುದನ್ನು ನಾನೇ ಬೆಂಗಳೂರಿನಲ್ಲಿ ನೋಡಿದ್ದೇನೆ. ಅದು ಭಾರವೆನಿಸಿ ಮುಖಫಲಕವನ್ನಷ್ಟೇ ಕಳಚಿ ಜೇಬಿಗಿಳಿಸುವ ಸೆಟ್ಟು ಬಂತು. ಆಮೇಲೆ ಗುಟ್ಟಿನ ಅಂಕಿಯ ಸೆಟ್ಟು: ಬ್ಯಾಟರಿಯ ಸಂಬಂಧ ಒಮ್ಮೆ ಕಡಿದರೆ ಅಂಕಿ ಹೇಳುವ ತನಕ ಬಾಯಿ ಬಿಡದು. ಕದ್ದವನಿಗೆ ಅದು ಕಲ್ಲು. ಆದರೆ ಸ್ವಂತ ಬ್ಯಾಟರಿ ಬದಲಾಯಿಸಿ ಅಂಕಿ ಮರೆತ ಯಜಮಾನನಿಗೂ ಅದು ಕಲ್ಲೇ. ಅಂಥವರ ಸಂಖ್ಯೆ ಕಳ್ಳರ ಸಂಖ್ಯೆಗಿಂತ ಹೆಚ್ಚಿತ್ತೇನೋ ಎಂದು ನನ್ನ ಗುಮಾನಿ.

ಇಷ್ಟೆಲ್ಲದರಿಂದ ಕಾಣುವುದೇನೆಂದರೆ, ಕಳ್ಳ ಬೀಗಕ್ಕೆ ಹೆದರುವುದಕ್ಕಿಂತ ತಡಕ್ಕೆ ಹೆದರುತ್ತಾನೆ. ಕದಿಯುವುದಕ್ಕಿಂತ ಮಾರುವುದನ್ನು ಯೋಚಿಸುತ್ತಾನೆ. ಗಾಜಿಗಂಟುವ ಪೆಟ್ಟಿಗೆಯಿದ್ದರೆ ಪೆಟ್ಟಿಗೆಯೊಂದನ್ನೇ ಅಲ್ಲ, ಅದರ ರಬ್ಬರು ಬಟ್ಟಲನ್ನೂ, ಸಿಗರೇಟು ಹೊತ್ತಿಸುವ ತೂತಿನಿಂದ ಜೋತಾಡುವ ತಂತಿಯನ್ನೂ ತೆಗೆಯಬೇಕು. ಒದ್ದೆ ಬಟ್ಟೆಯಿಂದ ಗಾಜಿನ ಮಚ್ಚೆ ಒರೆಸಬೇಕು. ಇದೆಲ್ಲವನ್ನು ಗಾಡಿ ನಿಲ್ಲಿಸುವ ಜಾಗದಲ್ಲಿ ನಾಲ್ಕು ಜನ ನೋಡುವಂತೆ ಮಾಡದೆ ಸ್ವಲ್ಪ ಮುಂಚೆಯೇ ಮಾಡಿಕೊಳ್ಳಬೇಕು. ಒಳಗೇ ಬಚ್ಚಿಡುವುದು ಬೇಡ, ಕೈಚೀಲದಲ್ಲಿ ಜೊತೆಗೊಯ್ಯುವುದು ಮೇಲು. ಡ್ಯಾಷ್‌ಬೋರ್ಡಿನಲ್ಲೇ ಕೂರಿಸಿದ ಪರದೆಯಾದರೆ ಹಿಂಬದಿಯ ಪಟ್ಟಿಗೆ ಸಾಮಾನ್ಯ ತಿರುಪುಳಿಯಿಂದ ಬಿಚ್ಚಲಾಗದ ಮೊಳೆ ಹಾಕಿಸಿ, ಗುಟ್ಟಿನ ಅಂಕಿಯನ್ನು ಮನೆಯ ಡೈರಿಯಲ್ಲಿ ಬರೆದಿಡಿ, ಕಾರಿನೊಳಗಲ್ಲ.

ಇನ್ನೊಂದು ಮಾತು, ಹೆಣ್ಣುಮಕ್ಕಳೇ ಇರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪೆಟ್ಟಿಗೆಯಲ್ಲಿ 'ಮನೆ' ಎಂದು ಒಂದು ಗುರುತು ಹಾಕಿಕೊಳ್ಳುವ ವಾಡಿಕೆಯಿದೆ. ಕದ್ದವನು ಆ ಗುರುತನ್ನು ಮುಟ್ಟಿದರೆ ಪೆಟ್ಟಿಗೆ ಅವನನ್ನು ನೆಟ್ಟಗೆ ನಿಮ್ಮ ಬಾಗಿಲಿಗೆ ಕರೆತರುತ್ತದೆ. ನೀವು ಊರಲ್ಲಿಲ್ಲ ಎಂಬುದು ಅವನಿಗೆ ಮೊದಲೇ ಗೊತ್ತು. 'ಮನೆ' ಎಂದು ನಿಮ್ಮ ಬೀದಿಯ ತುದಿಯ ದೇವಸ್ಥಾನವನ್ನೋ ಪೊಲೀಸು ಠಾಣೆಯನ್ನೋ ಗುರುತಿಸಿಡಿ. ಅಲ್ಲಿಂದ ಮನೆಗೆ ದಾರಿ ನಿಮಗೆ ಗೊತ್ತೇ ಇದೆ.

ಕಳವಿನ ಮಾತು ಬಂದಮೇಲೆ ನಮ್ಮ ಸೀಮೆಯ ಪೂರ್ವಕಥೆ ಹೇಳದೆ ಹೋದರೆ ಲೋಪವಾದೀತು. ಕೋಲಾರ ಜಿಲ್ಲೆಯ ಹೊಲಗದ್ದೆಗಳಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ. ಅವುಗಳಲ್ಲಿ ಎಷ್ಟೋ 'ತುರುಗೋಳ್' ಹೇಳುತ್ತವೆ. ದನ ಹೊಡೆದುಕೊಂಡು ಹೋದ ಕಳ್ಳರನ್ನು ಅಟ್ಟಿ, ತುರುಗಳನ್ನು ಬಿಡಿಸಿ ತಾನು ಮಡಿದವನ ಕಲ್ಲುಗಳು. ಕಳುವಾದದ್ದನ್ನು ಮರಳಿ ತರುವುದು ಆಗ ವೀರಸ್ವರ್ಗಕ್ಕೆ ದಾರಿಯಾಗಿತ್ತು. ಗಣಿಯ ಕಾಲಕ್ಕೆ ಚಿತ್ರ ಬದಲಾಯಿತು. ಚಿನ್ನ ಕದಿಯುವವರು ಇದ್ದರು, ಇಲ್ಲವೆನ್ನಲಾರೆ. ಆದರೆ ಕೆಲವರ ಕಳವಿಗಾಗಿ ಎಲ್ಲರ ಮೈ ತಡವಿದರು. ಪಾಳಿ ಮುಗಿಸಿ ಬೆವರಿನಲ್ಲಿ ನೆಂದು ಮೇಲೆ ಬಂದವನನ್ನು ಗೇಟಿನಲ್ಲಿ ನಿಲ್ಲಿಸಿ ಶೋಧಿಸುವುದು ನಿತ್ಯದ ವಿಧಿಯಾಯಿತು. 1930ರಲ್ಲಿ ಕೂಲಿಗಾರರೆಲ್ಲ ಬೆರಳಚ್ಚು ಒತ್ತಿ ನೋಂದಾಯಿಸಿಕೊಳ್ಳಬೇಕೆಂಬ ಕ್ರಮ ಬಂದಾಗ, ಇದು ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುವ ಕೆಲಸವೆಂದು ಗಣಿಗಳಲ್ಲಿ ಭಾರೀ ಮುಷ್ಕರವೇ ನಡೆಯಿತು. ಕೂಲಿಯ ದರಕ್ಕಲ್ಲ, ಮಾನಕ್ಕಾಗಿ ನಡೆದ ಮುಷ್ಕರ ಅದು. ಗಣಿಯ ಇತಿಹಾಸ ಬರೆಯುವವರು ಎಷ್ಟು ಟನ್ ಚಿನ್ನ ಬಂತೆಂಬುದನ್ನು ಮೊದಲ ಪುಟದಲ್ಲಿ ಬರೆಯುತ್ತಾರೆ, ಇದನ್ನು ಹಿಂದೆಲ್ಲೋ. ನನಗೆ ಅದು ಸರಿಯೆನಿಸುವುದಿಲ್ಲ.

ಇದನ್ನೇಕೆ ಇಲ್ಲಿ ತಂದೆನೆಂದರೆ, ದಾರಿ ಹೇಳುವ ಪೆಟ್ಟಿಗೆಗೆ ಈಗ ಬಾಯಿ ಬಂದಿದೆ. 2019ರಿಂದ ನೋಂದಣಿಯಾಗುವ ಹೊಸ ಟ್ಯಾಕ್ಸಿ, ಬಸ್ಸು ಮೊದಲಾದ ಸಾರ್ವಜನಿಕ ವಾಹನಗಳಲ್ಲಿ ಜಾಗ ತಿಳಿಸುವ ಸಾಧನವೂ ಆಪತ್ತಿನ ಗುಂಡಿಯೂ ಇರಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದರಲ್ಲಿ ಸಿಮ್ ಇದೆ. ಅದು ಕೇಳುವುದೂ ಉಂಟು, ಹೇಳುವುದೂ ಉಂಟು. ರಾತ್ರಿಯ ಹೊತ್ತು ಒಂಟಿಯಾಗಿ ಬರುವ ಹೆಂಗಸಿಗೆ ಆ ಗುಂಡಿ ದೊಡ್ಡ ಧೈರ್ಯ. ಕಾರೇ ಕಳುವಾದರೆ ಹುಡುಕುವುದೂ ಸುಲಭ. ಇಷ್ಟಾದರೂ ನನ್ನ ಶಿಷ್ಯ ಹೇಳಿದ ಮಾತು ನನ್ನ ಕಿವಿಯಲ್ಲಿ ಉಳಿದಿದೆ. ಅವನೀಗ ಸ್ವಂತ ಕಾರು ಮಾರಿ ಬೇರೊಬ್ಬರ ಗಾಡಿ ಓಡಿಸುತ್ತಾನೆ. ಎಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಚಹ ಕುಡಿದನೇ, ಮನೆಯ ಕಡೆ ಒಂದು ಸುತ್ತು ಹೋದನೇ, ಎಲ್ಲವೂ ಯಜಮಾನರ ಫೋನಿನಲ್ಲಿ. "ಸಾರ್, ನಮ್ಮಪ್ಪನನ್ನು ಗೇಟಿನಲ್ಲಿ ತಡವುತ್ತಿದ್ದರು. ನನ್ನನ್ನು ಮೇಲಿನಿಂದ ತಡವುತ್ತಾರೆ" ಎಂದ. ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ವಾಹನವನ್ನು ಕಾಯುವುದು ಬೇರೆ, ಮನುಷ್ಯನನ್ನು ಕಾಯುವುದು ಬೇರೆ. ಎರಡಕ್ಕೂ ಒಂದೇ ಪೆಟ್ಟಿಗೆ ಸಾಕಾಗಿರುವುದೇ ತೊಡಕು.

ಈಚೆಗೆ ಗಾಜಿನ ಮಚ್ಚೆಗಳು ಕಡಮೆಯಾಗಿವೆ. ಬೇರೆ ಪೆಟ್ಟಿಗೆ ಯಾರಿಗೆ ಬೇಕು, ಜೇಬಿನ ಫೋನೇ ದಾರಿ ಹೇಳುತ್ತದೆ. ಫೋನು ಕಳುವಾದರೆ ಅದರ ಐ.ಎಂ.ಇ.ಐ. ಸಂಖ್ಯೆಯನ್ನು ಕೊಟ್ಟು ದೇಶದ ಯಾವ ಜಾಲದಲ್ಲೂ ಅದು ನಡೆಯದಂತೆ ತಡೆಹಿಡಿಸುವ ಸೌಕರ್ಯ 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಬಂದಿದೆ. ಅದಕ್ಕೆ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಂಡಿರಬೇಕು. ಕದ್ದ ಮಾಲೆಂದು ತಿಳಿದೂ ಅಗ್ಗಕ್ಕೆ ಕೊಳ್ಳುವವರಿಗೆ 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು ಕಾದಿದೆ. ಹಳೆಯ ದಂಡಸಂಹಿತೆಯ 411ನೆಯದರ ಜಾಗದಲ್ಲಿ ಬಂದದ್ದು. ಕೊಳ್ಳುವವರಿಲ್ಲದಿದ್ದರೆ ಕದಿಯುವವರು ಎಷ್ಟು ದಿನ?

ಪೆಟ್ಟಿಗೆಗೆ ಊರಿನ ಹೆಸರು ಹೇಳುವುದೂ ನಮ್ಮ ಕಡೆ ಒಂದು ಸಾಹಸವೇ. ಊರಿಗಾಂ ಎಂಬುದನ್ನು ಇಂಗ್ಲಿಷಿನಲ್ಲಿ ರೈಲಿನವರು ಒಂದು ಬಗೆ ಬರೆದರು, ಗಣಿಯ ಕಂಪನಿಯವರು ಇನ್ನೊಂದು ಬಗೆ, ವಾರೆನ್ ಸಾಹೇಬ ಮತ್ತೊಂದು ಬಗೆ. ಬಂಗಾರಪೇಟೆಯಂತೂ ಬಹುಕಾಲ ಕಮಿಷನರ್ ಬೌರಿಂಗರ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿತ್ತು. ಒಂದಕ್ಷರ ಆಚೀಚೆ ಆದರೆ ಪೆಟ್ಟಿಗೆ "ಅಂಥ ಊರಿಲ್ಲ" ಎನ್ನುತ್ತದೆ. ಎರಡು ನೂರು ವರ್ಷ ಜಗತ್ತಿಗೆ ಗೊತ್ತಿದ್ದ ಊರನ್ನು!

ಶಿಷ್ಯನ ಕಥೆಯ ಕೊನೆ ಹೇಳಿ ಮುಗಿಸುತ್ತೇನೆ. ಕಳುವಾದ ಕೆಲವು ತಿಂಗಳ ಮೇಲೆ ಅವನು ಇನ್ನೊಂದು ಪೆಟ್ಟಿಗೆ ಕೊಂಡ, ಹಳೆಯದರ ಕಂತು ತೀರುವ ಮುಂಚೆಯೇ. ಅದನ್ನು ಹಿಡಿದುಕೊಂಡು ಬಂಗಾರಪೇಟೆಯ ಪಾತ್ರೆ ಅಂಗಡಿಗೆ ಬಾ ಎಂದೆ. ಮದುವೆಗೆ ಕೊಡುವ ಕೊಳದಪ್ಪಲೆಗೆ, ಬಿಂದಿಗೆಗೆ ಹೆಸರು ಕೊರೆಯುವವನು ಅಂಗಡಿಯ ಜಗಲಿಯಲ್ಲಿ ಕೂತಿರುತ್ತಾನಲ್ಲ, ಅವನ ಬಳಿ. ನಮ್ಮ ಅಜ್ಜಿಯಂದಿರು ಯಾವ ಪೊಲೀಸಿನ ಪ್ರಕಟಣೆಯನ್ನೂ ಓದದೆ ಪಾತ್ರೆಗಳ ಮೇಲೆ ಹೆಸರು ಕೊರೆಸಿಟ್ಟರು. ಹೆಸರಿರುವ ಚೊಂಬನ್ನು ಕದ್ದವನು ಅದೇ ಊರಿನಲ್ಲಿ ಮಾರಲಾರ. ಕೊರೆಯುವವನು ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಷ್ಟ್ರೇ, ಇದು ಪ್ಲಾಸ್ಟಿಕ್ಕು, ಉಳಿ ಜಾರುತ್ತದೆ" ಎಂದ. ಸೂಜಿ ಕಾಯಿಸಿ ಬರೆಯೋಣವೆಂದು ಅವನೇ ಉಪಾಯ ಹುಡುಕಿದ. ಹಿಂಬದಿಯಲ್ಲಿ ಕಾರಿನ ನಂಬರನ್ನು ನಿಧಾನವಾಗಿ, ಒಂದೊಂದೇ ಅಂಕಿಯಾಗಿ ಸುಟ್ಟು ಬರೆದ. ಬರೆದು ಮುಗಿಸಿ ತಲೆಯೆತ್ತಿ, "ಕೆಳಗೆ ಇವರ ತಂದೆಯ ಹೆಸರೂ ಹಾಕಲೋ? ಪಾತ್ರೆಗಾದರೆ ಹಾಕುತ್ತೇವೆ" ಎ೦ದು ಕೇಳಿದ.

ಶಿಷ್ಯ ನನ್ನ ಮುಖ ನೋಡಿದ. ಹಾಕಪ್ಪ ಎಂದೆ.